ಹತ್ತಿ ಪರೀಕ್ಷೆ

“ಕಣ್ಣು ಮುಚ್ಚಿಕೊಳ್ರಿ. ಹತ್ತಿ ತಾಗಿದ ಕೂಡ್ಲೆ ಹೂಂ ಅನ್ರಿ,” ಎಂದರು ಚರ್ಮದ ಡಾಕ್ಟರು ನಿರುಪಮಾ.

ಕುಮಾರಸ್ವಾಮಿಗೆ ನಗು ಬಂತು. ಎರಡು ಬೆರಳಲ್ಲಿ ಹಿಂಜಿ, ಕಣ್ಣು ಮುಚ್ಚಿಕೊಂಡೇ ಯಾವ ಊರಿನ ಹತ್ತಿ ಎಂದು ಹೇಳುವ ಹುಬ್ಬಳ್ಳಿ ಪೇಟೆಯ ದಲ್ಲಾಳಿ ಅವನು. ಅವನಿಗೇ ಹತ್ತಿಯ ಪರೀಕ್ಷೆ. ಮುಂಗೈ ಮೇಲಿನ ಮಾಸಲು ಮಚ್ಚೆಯನ್ನು ಒಬ್ಬ ವೈದ್ಯ ಗಜಕರ್ಣ ಎಂದಿದ್ದ, ಇನ್ನೊಬ್ಬ ಬಿಸಿಲಿನದು ಎಂದಿದ್ದ. ಎರಡಕ್ಕೂ ಮುಲಾಮು ಹಚ್ಚಿ ಹಚ್ಚಿ ಮಚ್ಚೆ ಮಿರಮಿರ ಮಿಂಚುತ್ತಿತ್ತು. ರೋಗ ಗುರುತಿಸುವುದರಲ್ಲಿ ಈ ಡಾಕ್ಟರುಗಳಿಗಿಂತ ತಾನೇ ವಾಸಿ ಎಂಬುದು ಅವನ ಲೆಕ್ಕ. ಹೋದ ವಾರವಷ್ಟೇ, ತನ್ನ ಅಂಗಡಿಯಲ್ಲಿ ಹತ್ತಿ ಆರಿಸುವ ಫಕೀರವ್ವನ ಕೈಮೇಲೆ ಬಿಳಿ ಕಲೆ ಕಂಡು, “ಕುಷ್ಠ ಐತಿ ಇಕಿಗೆ, ದೂರ ಸರೀರಿ,” ಎಂದು ಇಡೀ ಪೇಟೆಗೆ ಕೇಳುವಂತೆ ಕೂಗಿ ಅವಳನ್ನು ಕೆಲಸ ಬಿಡಿಸಿದ್ದ.

ಈಗ ಕಣ್ಣು ಮುಚ್ಚಿ ಕೂತ. ಫ್ಯಾನಿನ ಸದ್ದೊಂದು ಕೇಳುತ್ತಿತ್ತು.

“ಲಗೂ ಮುಟ್ರಿ ಡಾಕ್ಟರ. ಪ್ಯಾಟ್ಯಾಗ ಹತ್ತಿ ಹರಾಜು ಶುರು ಆಗತೈತಿ.”

ಬೇಸತ್ತು ಕಣ್ಣು ತೆರೆದ. ಡಾಕ್ಟರ ಕೈಯ ಹತ್ತಿ ಆ ಮಚ್ಚೆಯ ಮೇಲೆಯೇ ಆಡುತ್ತಿತ್ತು.

“ಈ ಹತ್ತಿ ಛಲೋ ಇಲ್ಲರಿ,” ಎಂದ. “ಎಳಿ ಗಿಡ್ಡ ಐತಿ.”

ಡಾಕ್ಟರು ಅದೇ ಹತ್ತಿಯನ್ನು ಇನ್ನೊಂದು ಕೈಗೆ ತಾಗಿಸಿದರು. ಕೈ ಸರಕ್ಕನೆ ಹಿಂದೆ ಸರಿಯಿತು.

“ಇದು ಕುಷ್ಠರಿ. ಮೊದಮೊದಲಿಗೆ ಗಜಕರ್ಣದ ಹಂಗ ಕಾಣ್ತದ. ನಡುವ ಬಿಡದಂಗ ಗುಳಿಗಿ ತೊಗೊಂಡ್ರ ಪೂರಾ ವಾಸಿ ಆಗ್ತದ, ಅಂಗಡಿಗೂ ಹೋಗಬಹುದು. ಬಿಟ್ರ, ನಾಳೆ ಬೆರಳಿಗೂ ಹತ್ತಿ ತಿಳಿಯಂಗಿಲ್ಲ.”

ಕುಮಾರಸ್ವಾಮಿ ಹೆಬ್ಬೆರಳಿಗೆ ತೋರುಬೆರಳು ತಿಕ್ಕಿ ನೋಡಿಕೊಂಡ. ಬೆರಳಿಗೆ ಹತ್ತಿ ತಿಳಿಯದಿದ್ದರೆ ಅವನನ್ನು ಪೇಟೆಯಲ್ಲಿ ಯಾರು ಕೇಳುತ್ತಾರೆ? ಪಕ್ಕದಲ್ಲಿ ಕೂತಿದ್ದ ಹೆಂಡತಿ ದಾಕ್ಷಾಯಿಣಿಯ ಕಡೆ ತಿರುಗಿ ಹಲ್ಲು ಕಡಿದ.

“ಆ ಫಕೀರವ್ವನಿಂದನ ಹತ್ತೇತಿ ನೋಡು.”

“ಆಕೀನ್ನ ನಿನ್ನೆ ನಾನ ಇಲ್ಲಿಗೆ ಕರಕೊಂಡು ಬಂದಿದ್ನಿ. ಹತ್ತಿ ತಾಗಿದ ಕೂಡ್ಲೆ ಕಚಗುಳಿ ಆಗಿ ನಕ್ಕಳು. ಆಕೀದು ಬರೇ ತೊನ್ನಂತ. ಯಾರಿಗೂ ಹತ್ತೂದಿಲ್ಲಂತ.”

ಅವನು ಅಂಗಿಯ ತೋಳನ್ನು ಮಣಿಕಟ್ಟಿನವರೆಗೂ ಎಳೆದುಕೊಂಡ. ಆಮೇಲೆ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದ.

“ಪ್ಯಾಟ್ಯಾಗ ಯಾರಿಗೂ ಹೇಳಬ್ಯಾಡ.”

“ನಾ ಹೆಂಗ ಹೇಳ್ಲಿರಿ,” ಎಂದಳು ದಾಕ್ಷಾಯಿಣಿ. “ನಿಮ್ಮಷ್ಟು ದೊಡ್ಡ ದನಿ ನನಗಿಲ್ಲ.”