ಕೂತು ತೋರಿಸು

"ಆ ಬಲೆ ಯಾರಿಗೆ ತಂದಿಟ್ಟಿದ್ದೀರಿ? ನನ್ನ ಮಗ ಮೀನಲ್ಲ."

ತೊಕಿಯೆ ಬಾಗಿಲಲ್ಲೇ ಜಗಳ ತೆಗೆದಳು. ಹಲ್ಲಿನ ಡಾಕ್ಟರರ ಕುರ್ಚಿಯ ಪಕ್ಕದಲ್ಲಿ ಹಸಿರು ಬಲೆಯ ಹೊದಿಕೆಯೊಂದನ್ನು ಮಡಚಿಟ್ಟಿದ್ದರು. ಕೈಕಾಲು ಬಡಿಯುವವರನ್ನು ಸುತ್ತಿ ಕಟ್ಟಲು ಅದು. ಬೇರೆ ದವಾಖಾನೆಗಳು ಕೈಬಿಟ್ಟವರೆಲ್ಲ ಕೊನೆಗೆ ಬರುವುದು ಈ ಕೋಣೆಗೇ.

"ಇಟೊಹಾರಾ ಅವರೇ." ಮನೆತನದ ಹೆಸರಿನಿಂದ ಕರೆದ ಡಾಕ್ಟರ್ ಫುಜಿತಾನಿ ತಾಯಿ ಮಗ ಇಬ್ಬರನ್ನೂ ನೋಡಿ, ತನ್ನ ಬೆರಳಿನ ಪಟ್ಟಿ ತೋರಿಸಿದ. "ಹೋದ ಸಲ ಕಚ್ಚಿದ್ದು ಇನ್ನೂ ಮಾಗಿಲ್ಲ. ಇವತ್ತು ಆ ಹಲ್ಲು ಬರ್ಲೇಬೇಕು. ಕೀವು ರಕ್ತಕ್ಕೆ ಸೇರಿದ್ರೆ ಈ ಹೃದಯ ತಡ್ಕೊಳ್ಳಲ್ಲ. ಪ್ರಜ್ಞೆ ತಪ್ಪಿಸಿ ತೆಗೆಯೋಣ ಅಂದ್ರೆ ಅದನ್ನೂ ತಡ್ಕೊಳ್ಳಲ್ಲ."

"ಕಚ್ಚದೆ ಇನ್ನೇನು ಮಾಡ್ತಾರೆ? ಬಾಯಿಗೆ ಕೈ ಹಾಕಿದ್ದು ನೀವು ತಾನೇ."

ಫುಜಿತಾನಿ ಹುಬ್ಬು ಗಂಟಿಕ್ಕಿದ. ತೊಕಿಯೆಗೆ ಅಷ್ಟೇ ಬೇಕಾಗಿತ್ತು. ಬಿಳಿ ಕೋಟಿನವರನ್ನು ಕಂಡರೆ ಅವಳಿಗೆ ಮೈಯೆಲ್ಲ ಉರಿ. ಡೌನ್ ಸಿಂಡ್ರೋಮ್‌ನೊಂದಿಗೆ ಹುಟ್ಟಿದ ಮಸಾಟೊನ ಎಳೆ ಎದೆ ಸೀಳಿ ಹೃದಯದ ತೂತು ಹೊಲಿದದ್ದು ಇಂಥವರೇ. ಹೆಚ್ಚು ದಿನ ಉಳಿಯಲ್ಲ ಎಂದದ್ದೂ ಇಂಥವರೇ.

ಮಸಾಟೊ ಬಗ್ಗಿ ಅವಳ ಕಾಲ ಬಳಿ ಒಳಗೆ ಹಾಕುವ ಚಪ್ಪಲಿ ಜೋಡಿಸಿಟ್ಟ. ಕೈಯಲ್ಲಿ ಚಿತ್ರದ ಕಾರ್ಡುಗಳಿದ್ದವು: ಕೂರು, ಬಾಯಿ ತೆರೆ, ಹತ್ತು ಎಣಿಸು, ಮುಗಿಯಿತು. ಅವಳೇ ಬರೆದುಕೊಟ್ಟಿದ್ದ ಕಾರ್ಡುಗಳು. ಅಂಚುಗಳೆಲ್ಲ ಇಷ್ಟು ಬೇಗ ಹೇಗೆ ಸವೆದವೋ. ಅವನ ಕಿವಿಯ ಮೇಲಿನ ಕೂದಲಿಗೆ ಸೀಮೆಸುಣ್ಣ ಮೆತ್ತಿತ್ತು. ಬೆರಳಿಗೆ ಎಂಜಲು ಹಚ್ಚಿ ಒರೆಸಿದಳು. ಹೋಗಲಿಲ್ಲ.

"ಶಾಲೇಲಿ ಬೋರ್ಡನ್ನ ತಲೇಲಿ ಒರೆಸ್ತೀಯೇನೋ?"

ಮಸಾಟೊ ನಕ್ಕ.

ಮನೆಯಲ್ಲಿ ಉಮೆಬೋಶಿ ಉಪ್ಪಿನಕಾಯಿ ಹಾಕಿದ ಗಂಜಿಯ ಬಟ್ಟಲು ವಾರದಿಂದ ಹಾಗೇ ಉಳಿಯುತ್ತಿತ್ತು. ಮಗನ ನೋವು ಅವಳ ದವಡೆಯಲ್ಲೇ ಮಿಡಿಯುತ್ತಿತ್ತು. ತಾಯಿಯಾದವಳಿಗೆ ಅದೇನು ಹೊಸದಲ್ಲ.

ಸಹಾಯಕಿ ಬಲೆ ಎತ್ತಿಕೊಂಡಳು. ತೊಕಿಯೆ ಕೈಚೀಲ ಮೇಲೆತ್ತಿದಳು.

"ಮುಟ್ಟಿ ನೋಡು. ಬಾರೋ ಮಗಾ, ಹೋಗೋಣ."

ಮಸಾಟೊ ಕದಲಲಿಲ್ಲ. "ಅಮ್ಮ, ನಂಗೆ ಹೆದರಿಕೆ. ಮೊದಲು ನೀನು ಕೂತು ತೋರಿಸು."

ಅವಳ ಸಿಟ್ಟು ಜರ್ರನೆ ಇಳಿಯಿತು. ಹೌದಲ್ಲ, ಯಾವಾಗಲೂ ಹಾಗೇ. ಅಮ್ಮ ಮೊದಲು ಕೂರಬೇಕು, ಮಗ ನೋಡಬೇಕು, ಆಮೇಲೆ ಅವನ ಸರದಿ. ಈ ಜನಕ್ಕೆ ಅದೂ ನೆನಪಿಲ್ಲ. ಅವಳು ಕುರ್ಚಿ ಏರಿ ಒರಗಿದಳು.

"ಆ ಬಲೆ ಆಚೆ ಎಸೀರಿ. ಮತ್ತೆ, ನಾಟಕ ಬೇಡ, ನಿಜವಾಗ್ಲೂ ಮಾಡಿ. ಸುಳ್ಳಾದ್ರೆ ಅವನಿಗೆ ಗೊತ್ತಾಗುತ್ತೆ."

ಫುಜಿತಾನಿ ಮಸಾಟೊನನ್ನು ನೋಡಿದ. ಆಮೇಲೆ ಸೂಜಿ ಎತ್ತಿಕೊಂಡ.

ಚುಚ್ಚಿದಾಗ ತೊಕಿಯೆಯ ಕಣ್ಣಲ್ಲಿ ನೀರು ಬಂತು. ಡಾಕ್ಟರರ ಬೆರಳು ಕಚ್ಚಿ ಕತ್ತರಿಸುವಷ್ಟು ಕೋಪವೂ ಬಂತು. ಆದರೂ ಅಲುಗಲಿಲ್ಲ. ತಾನು ಬೆಚ್ಚಿದರೆ ಹುಡುಗ ಓಡಿಬಿಡುತ್ತಾನೆ, ಕೆಟ್ಟ ಹಲ್ಲು ಒಳಗೇ ಉಳಿಯುತ್ತದೆ. ಮಸಾಟೊ ಅವಳ ಕೈ ಹಿಡಿದು ಹತ್ತು ಎಣಿಸಿದ, ಮತ್ತೆ ಒಂದರಿಂದ ಶುರುಮಾಡಿದ. ದವಡೆಯೊಳಗೆ ಏನೋ ಕಿರ್ರೆಂದಿತು. ಅವನು ಕೊನೆಯ ಕಾರ್ಡು ಎತ್ತಿ ಹಿಡಿದ.

ಹತ್ತಿಯುಂಡೆ ಕಚ್ಚಿಕೊಂಡೇ ಅವಳು ಇಳಿದಳು. ನೋಡಿದೆಯಾ ಎಂಬಂತೆ ಗದ್ದ ಎತ್ತಿ, ಕುರ್ಚಿ ತಟ್ಟಿ ಮಗನನ್ನು ಕರೆದಳು.

ನಲವತ್ತೇಳು ವರ್ಷದ ಮಸಾಟೊ ನರೆತ ತಲೆಯನ್ನು ದಿಂಬಿಗೆ ಒರಗಿಸಿ, ಬಾಯಿ ತೆರೆಯುವ ಮೊದಲು ಪಿಸುಗುಟ್ಟಿದ: "ಬರೀ ನೋಡಿದ ಹಾಗೆ ಮಾಡಿ ಡಾಕ್ಟ್ರೇ, ನನ್ನ ಹಲ್ಲೆಲ್ಲ ಸರಿ ಇದೆ. ಕೀವಾಗಿದ್ದ ಅಮ್ಮನ ಹಲ್ಲು ಬಂತಲ್ಲ, ಸಾಕು. ಅವಳ ಪಾಲಿಗೆ ನಾನಿನ್ನೂ ಶಾಲೆ ಹುಡುಗ. ಅವಳಿಗೆ ಹೇಳ್ಬೇಡಿ."