ಎಮ್ಮೆ ಹೊಂಡ

ಜಯಶೀಲಾಳ ರವಿಕೆಯನ್ನು ಹಿಂದಿನಿಂದ ಮೇಲೆತ್ತಿದ ಕಾಶಮ್ಮ, ಕೈಯಲ್ಲಿದ್ದ ಜಿಗಣೆಯ ಕುಡಿಕೆಯನ್ನು ಹಾಗೇ ನೆಲಕ್ಕಿಟ್ಟಳು.

"ಜಿಗಣೆ ಹಾಕಿಸೋದು ಇದೇ ಮೊದಲನೇ ಸಲ ಅಂದ್ಯಲ್ಲ, ಬಂಗಾರಮ್ಮ?"

"ಹೌದು ಕಾಶಕ್ಕ. ನಿಮ್ಮ ಹೆಸರು ಕೇಳ್ಕಂಡು ಮಲವಗೊಪ್ಪದಿಂದ ಶಿವಮೊಗ್ಗಕ್ಕೆ ನಡ್ಕಂಡೇ ಬಂದ್ವಿ."

"ಹಂಗಾದ್ರೆ ಇದೆಲ್ಲ ಏನು? ಇಲ್ಲಿ ಬಂದು ನೋಡು."

ಬಂಗಾರಮ್ಮ ಬಗ್ಗಿ ನೋಡಿದಳು. ಹದಿಮೂರು ವರ್ಷದ ಮಗಳ ಬೆನ್ನುಮೂಳೆ ಒಂದು ಕಡೆಗೆ ಸೊಟ್ಟಗಾಗಿ, ಬಲಗಡೆ ಬೆನ್ನು ಉಬ್ಬಿದ್ದು ಅವಳಿಗೆ ಗೊತ್ತಿದ್ದದ್ದೇ. ಆ ಉಬ್ಬಿನಿಂದಾಗಿಯೇ ಮೂರು ಕಡೆಯ ಗಂಡಿನವರು ಎದ್ದು ಹೋಗಿದ್ದರು. ಹೆಣ್ಣು ಬೇಡ ಎಂದವರಲ್ಲಿ ಒಬ್ಬರಾದರೂ ಕಜ್ಜಾಯ ಬೇಡ ಎಂದಿರಲಿಲ್ಲ. ಉಬ್ಬಿದ ಕಡೆ ಕೆಟ್ಟ ರಕ್ತ ಗಟ್ಟಿಯಾಗಿ ನಿಂತಿದೆ, ಅದು ಹರಿದು ಹೋದರೆ ಬೆನ್ನು ನೆಟ್ಟಗಾಗುತ್ತದೆ ಎಂದು ಯಾರೋ ಹೇಳಿದ್ದನ್ನು ಬಂಗಾರಮ್ಮ ನಂಬಿದ್ದಳು; ಕಂಡವರಿಗೆಲ್ಲ ಅದನ್ನೇ ಹೇಳುತ್ತಿದ್ದಳು. ಶುಕ್ರವಾರ ಭದ್ರಾವತಿಯಿಂದ ನಾಲ್ಕನೆಯವರು ಬರುವವರಿದ್ದರು. ಹುಡುಗ ಅಲ್ಲಿ ಮಹಾರಾಜರ ಸರ್ಕಾರ ಕಟ್ಟಿಸಿದ್ದ ಹೊಸ ಕಬ್ಬಿಣದ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ.

ಆದರೆ ಬೆನ್ನ ತುಂಬ ಸಾಸಿವೆ ಚೆಲ್ಲಿದ ಹಾಗಿದ್ದ ಈ ಕಲೆಗಳನ್ನು ಅವಳು ನೋಡಿಯೇ ಇರಲಿಲ್ಲ. ಮೈನೆರೆದ ಮೇಲೆ ಹುಡುಗಿ ತಾನೇ ನೀರು ಹಾಕಿಕೊಳ್ಳುತ್ತಿದ್ದಳು.

"ಸೊಳ್ಳೆ ಕಚ್ಚಿರಬೇಕು," ಎಂದಳು. ಹೇಳುವಾಗ ಅವಳಿಗೇ ನಂಬಿಕೆ ಇರಲಿಲ್ಲ.

"ಮೂವತ್ತು ವರ್ಷದಿಂದ ಜಿಗಣೆ ಹಾಕ್ತಿದೀನಿ. ಅದರ ಹಲ್ಲಿನ ಗುರುತು ನಂಗೆ ಗೊತ್ತಾಗಲ್ವಾ? ಐವತ್ತಕ್ಕೆ ಕಡಿಮೆ ಇಲ್ಲ. ಯಾರ ಹತ್ರ ಹಾಕಿಸ್ದೆ, ಹೇಳು!"

"ಅವ್ವಂಗೆ ಗೊತ್ತಿಲ್ಲ ಅಜ್ಜಿ," ಎಂದಳು ಜಯಶೀಲಾ, ತಲೆ ತಗ್ಗಿಸಿ. "ನಾನೇ. ಬಟ್ಟೆ ಒಗೆಯಕ್ಕೆ ಹೋದಾಗ ಎಮ್ಮೆ ಹೊಂಡದಲ್ಲಿ ರವಿಕೆ ಮೇಲೆತ್ಕಂಡು ಅಂಗಾತ ಮಲಗ್ತಿದ್ದೆ. ಅಲ್ಲಿ ಜಿಗಣೆ ಜಾಸ್ತಿ. ಕಚ್ಚಿದ್ದು ತಾನಾಗೇ ಬಿಡೋ ತನಕ ಏಳ್ತಿರಲಿಲ್ಲ. ರಕ್ತ ಹತ್ತಿದ ರವಿಕೆ ಅಲ್ಲೇ ಒಗೆದು ತರ್ತಿದ್ದೆ."

ಬಂಗಾರಮ್ಮ ಗೋಡೆ ಹಿಡಿದು ಕುಳಿತಳು. "ಯಾವಾಗಿಂದನೇ?"

"ದೀಪಾವಳಿ ಆದ್ಮೇಲಿಂದ. ಆ ಮೊದಲನೇ ಗಂಡಿನೋರು ಬಂದು ಹೋದ್ರಲ್ಲ, ಆವಾಗಿಂದ."

"ಒಂದು ಮಾತು ಹೇಳಬಾರದಾಗಿತ್ತೇನೇ, ಮಾರಾಯ್ತಿ!"

"ನೆಟ್ಟಗಾದ್ಮೇಲೆ ತೋರಿಸೋಣ ಅಂದ್ಕಂಡಿದ್ದೆ."

ಕಾಶಮ್ಮ ಹುಡುಗಿಯ ಹೆಬ್ಬೆರಳ ಉಗುರನ್ನು ಒತ್ತಿ ಬಿಟ್ಟಳು. ಬೆಳ್ಳಗಾದ ಉಗುರು ಬೆಳ್ಳಗೇ ಉಳಿಯಿತು. ಕೆಂಪು ತಿರುಗಿ ಬರಲೊಲ್ಲದು. ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರೆ ಅಲ್ಲೂ ಸುಣ್ಣದ ಬಿಳುಪು. ಇಷ್ಟು ದೂರ ಈ ಮಗು ನಡೆದು ಬಂದದ್ದಾದರೂ ಹೇಗೆ ಎಂದು ಅವಳಿಗೆ ದಿಗಿಲಾಯಿತು.

ಬಂಗಾರಮ್ಮ ಮಾತ್ರ ಇನ್ನೂ ಕುಡಿಕೆಯನ್ನೇ ನೋಡುತ್ತಿದ್ದಳು. "ಕಾಶಕ್ಕ, ಇಷ್ಟು ಆದ್ರೂ ಉಬ್ಬು ಇಳಿದಿಲ್ಲ ಅಂದ್ರೆ... ಕೆಟ್ಟ ರಕ್ತ ಇನ್ನೂ ಸ್ವಲ್ಪ ಉಳಿದಿರಬೌದಾ?"

ಕಾಶಮ್ಮನಿಗೆ ಸಿಟ್ಟು ನೆತ್ತಿಗೇರಿತು. ಸೂಜಿ ತಂದು ಉಬ್ಬಿದ ಕಡೆ ಒಂದು ಚುಚ್ಚಿದಳು, ಇನ್ನೊಂದು ಕಡೆ ಒಂದು. ಹುಡುಗಿ ಮಿಸುಕಲಿಲ್ಲ. ಎರಡೂ ಕಡೆಯಿಂದ ತೆಳ್ಳಗಿನ ರಕ್ತ ಇಳಿಯಿತು.

"ಕಣ್ಣು ಬಿಟ್ಟು ನೋಡು. ಎರಡೂ ಕಡೆ ಒಂದೇ. ಗಟ್ಟಿನೂ ಇಲ್ಲ, ಕಪ್ಪೂ ಇಲ್ಲ, ನೀರಾಗಿದೆ. ಸೊಟ್ಟ ಆಗಿರೋದು ಮೂಳೆ ಕಣೇ, ರಕ್ತ ಅಲ್ಲ. ಈ ಮಗಿನ ಮೈಯಲ್ಲಿ ಯಾವತ್ತೂ ಕೆಟ್ಟ ರಕ್ತ ಇರಲಿಲ್ಲ. ಇನ್ನೊಂದು ಜಿಗಣೆ ಹಾಕಿದ್ರೆ ಜೀವ ಉಳಿಯಲ್ಲ. ಮೊದಲು ಎತ್ಕಂಡು ಆಸ್ಪತ್ರೆಗೆ ಹೋಗು."

ಬಂಗಾರಮ್ಮ ಬಾಯಿಗೆ ಸೆರಗು ಅಡ್ಡ ಹಿಡಿದಳು. ಜಯಶೀಲಾ ರವಿಕೆ ಕೆಳಗೆಳೆದುಕೊಂಡು ತಾಯಿಯ ಕಡೆ ತಿರುಗಿದಳು. ಅವಳಿಗೆ ಕೋಪ ಬಂದಿರಲಿಲ್ಲ. ಅರ್ಥವಾಗದ್ದನ್ನು ಕೇಳುವ ಮಕ್ಕಳ ಹಾಗೆ ಕೇಳಿದಳು:

"ಹಂಗಾದ್ರೆ ಅವ್ವ, ಇಷ್ಟು ದಿನ ಹೋಗಿದ್ದೆಲ್ಲ ಒಳ್ಳೇ ರಕ್ತಾನಾ?"