ಬಚ್ಚಲಮನೆಯ ಇಗುವಾನಾ

ವಿದೇಶಿ ಪ್ರಾಣಿ ಸಾಕಿದವರೆಲ್ಲ ಅರಣ್ಯ ಇಲಾಖೆಯಲ್ಲಿ ನೋಂದಾಯಿಸಬೇಕೆಂಬ ಕಾನೂನು ಬಂದಾಗ ಸೋಮಶೇಖರ ಸುಮ್ಮನಿದ್ದುಬಿಟ್ಟ. ಉಡದಷ್ಟು ದೊಡ್ಡದಾಗಿ ಬೆಳೆದಿದ್ದ ತನ್ನ ಹಸಿರು ಇಗುವಾನಾ ಹಲ್ಲಿಯನ್ನು ಕಿತ್ತುಕೊಂಡು ಹೋದಾರೆಂಬ ಭಯ ಅವನಿಗೆ.

ಅಷ್ಟರಲ್ಲಿ ಅವನ ಮದುವೆಗೆ ಗೊತ್ತಾದ ಹೆಣ್ಣು ಅದೇ ಇಲಾಖೆಯ ಅಧಿಕಾರಿ. ಹೆಣ್ಣಿನವರು ಹುಡುಗಿಯನ್ನೂ ಕರೆದುಕೊಂಡು ಮನೆ ನೋಡಲು ಬಂದ ದಿನ ಅವನ ತಾಯಿ ಇಗುವಾನಾವನ್ನು ಬಚ್ಚಲಮನೆಗೆ ದೂಡಿ ಚಿಲಕ ಹಾಕಿದರು.

ಉಪ್ಪಿಟ್ಟು ತಿಂದು ಕೈ ತೊಳೆಯಲು ಹೋದ ಹುಡುಗಿಯ ತಂದೆ ಓಡಿ ಬಂದರು.

"ಅಯ್ಯಯ್ಯೋ, ಬಚ್ಚಲಲ್ಲಿ ಮೊಸಳೆ!"

ಅವರ ಹಿಂದೆಯೇ ನಿಧಾನವಾಗಿ ನಡೆದು ಬಂದ ಇಗುವಾನಾ ಸೋಫಾ ಹತ್ತಿ ಹುಡುಗಿಯ ಮಡಿಲಲ್ಲಿ ಕೂತಿತು.

"ಅದು ನಮ್ಮದಲ್ಲಮ್ಮ, ಪಕ್ಕದ್ಮನೇದು!" ಎಂದರು ತಾಯಿ.

"ಸುಳ್ಳು ಯಾಕಮ್ಮ? ನಂದೇ ರೀ," ಎಂದ ಸೋಮಶೇಖರ. "ಮರಿಯಿಂದ ಸಾಕಿದ್ದೀನಿ, ನೋಂದಣಿ ಮಾಡ್ಸಿಲ್ಲ. ಬೇಕಾದ್ರೆ ಈ ಸಂಬಂಧ ಬೇಡ ಅನ್ನಿ, ಇವನನ್ನ ಮಾತ್ರ ಒಯ್ಬೇಡಿ."

ಹುಡುಗಿ ಇಗುವಾನಾದ ಗದ್ದ ಸವರಿದಳು. "ನಾಳೇನೇ ಆಫೀಸಿಗೆ ಬಂದು ನೋಂದಣಿ ಮಾಡ್ಸಿ. ಆಮೇಲೆ ನಾವು ಮನೆಗೆ ಬಂದು ತಪಾಸಣೆ ಮಾಡ್ತಿರ್ತೀವಿ."

"ವರ್ಷಕ್ಕೆ ಎಷ್ಟು ಸಲ?"

"ದಿನಾ," ಎಂದವಳು ಅವನ ತಾಯಿಯತ್ತ ತಿರುಗಿದಳು. "ಅತ್ತೆ, ಮುಹೂರ್ತ ಯಾವತ್ತಿಗೆ ಇಡಿಸೋಣ?"